ಬಿಎಚ್‌ಸಿ ಪೌಡರ್ ಎಲ್ಲಿಗೆ ಹೋಯ್ತು?

ಈ ವಾರ ಬೆಳೆ ಟಿಪ್ಪಣಿ ಇಲ್ಲ, ಒಂದು ಹಳೇ ಕಥೆ ಇದೆ. ಉದ್ದ ಇದೆ. ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ನಿಧಾನವಾಗಿ ಓದಿ.

ಐವತ್ತು ದಾಟಿದವರಿಗೆಲ್ಲ ಬಿಎಚ್‌ಸಿ ಪೌಡರ್ ನೆನಪಿರುತ್ತೆ. ಮೂಗಿಗೆ ಹೊಡೆಯುವ ಆ ಮುಗ್ಗಲು ವಾಸನೆ ಒಂದು ಸಲ ಕುಡಿದವರು ಮರೆಯೋದಿಲ್ಲ. ನಮ್ಮ ಕಡೆ, ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ, ಅವರೆ ಹೂ ಬಿಟ್ಟಾಗ ತಾತ ತೆಳು ಬಟ್ಟೆಯಲ್ಲಿ ಪುಡಿ ಗಂಟು ಕಟ್ಟಿಕೊಂಡು, ಸಾಲಿನ ಮೇಲೆ ಕೋಲಿನಿಂದ ತಟ್ಟುತ್ತಾ ಹೋಗುತ್ತಿದ್ದರು. ಇಬ್ಬನಿ ಇರುವಾಗಲೇ ಹೊಡೀಬೇಕು, ಆಗ ಎಲೆಗೆ ಅಂಟುತ್ತೆ ಅನ್ನೋದು ಲೆಕ್ಕ. ಕಡಲೆಕಾಯಿಗೆ ಅದೇ, ಗೆದ್ದಲಿಗೆ ಅದೇ, ಮರಳಿಗೆ ಬೆರೆಸಿ ತೆಂಗಿನ ಸುಳಿಗೆ ಹಾಕೋಕೂ ಅದೇ. ಮನೆಯಲ್ಲಿ ಇರುವೆ ಸಾಲು ಕಂಡರೂ ಅದೇ ಡಬ್ಬ ಹೊರಗೆ ಬರ್ತಿತ್ತು. ಅಂಗಡಿಯಲ್ಲಿ ಕೆಲವರು ಗ್ಯಾಮಾಕ್ಸಿನ್ ಅಂತ ಕೇಳುತ್ತಿದ್ದರು. ಅಗ್ಗ, ಕೈಗೆ ಸಿಗ್ತಿತ್ತು, ಹುಳ ಸಾಯ್ತಿತ್ತು. 1997ರ ಏಪ್ರಿಲ್ 1ರಿಂದ ದೇಶದಲ್ಲಿ ಅದು ಪೂರ್ತಿ ಬಂದ್ ಆಯ್ತು.

ಅಷ್ಟು ವರ್ಷ ಹೊಡೆದ ಪುಡಿ ಎಲ್ಲಿಗೆ ಹೋಯ್ತು? ಮಳೆಗೆ ತೊಳೆದು ಹಳ್ಳಕ್ಕೆ ಹೋಯ್ತು, ಇಲ್ಲ ಮಣ್ಣಲ್ಲೇ ಕೊಳೆತು ಹೋಯ್ತು ಅಂತ ನಾನೂ ಬಹಳ ದಿನ ತಿಳ್ಕೊಂಡಿದ್ದೆ. ಉತ್ತರ ಬೇರೆ ಇದೆ. ಅದನ್ನು ಕಂಡುಹಿಡಿದದ್ದು ನಮ್ಮಿಂದ ಬಹಳ ದೂರ ಏನಲ್ಲ, ಪಕ್ಕದ ತಮಿಳುನಾಡಿನಲ್ಲಿ, ಚಿದಂಬರದ ಹತ್ತಿರ ವೆಳ್ಳಾರು ನದಿ ಸಮುದ್ರ ಸೇರುವ ಪರಂಗಿಪೇಟೆಯ ಸುತ್ತಮುತ್ತ. 1980ರ ದಶಕದ ಕೊನೆಯಲ್ಲಿ ಜಪಾನಿನ ಎಹಿಮೆ ವಿಶ್ವವಿದ್ಯಾಲಯದವರು ಮತ್ತು ಅಲ್ಲಿನ ಅಣ್ಣಾಮಲೈ ವಿಶ್ವವಿದ್ಯಾಲಯದವರು ಸೇರಿ ಒಂದು ಕೆಲಸ ಮಾಡಿದರು. ಭತ್ತದ ಗದ್ದೆಗೆ ಹಾಕಿದ ಬಿಎಚ್‌ಸಿ ಎಷ್ಟು ನೀರಲ್ಲಿ ಹೋಗುತ್ತೆ, ಎಷ್ಟು ಮಣ್ಣಲ್ಲಿ ಉಳಿಯುತ್ತೆ, ಎಷ್ಟು ಗಾಳಿಗೆ ಏರುತ್ತೆ ಅಂತ ಅಳೆದರು. 1991ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಹಾಕಿದ್ದರಲ್ಲಿ ನದಿ ಮೂಲಕ ಸಮುದ್ರ ಸೇರಿದ್ದು ನೂರಕ್ಕೆ 0.4 ಭಾಗ. ಉಳಿದ 99.6 ಭಾಗ ಗಾಳಿಗೆ!

ನನಗೆ ಈ ಅಂಕಿ ಮೊದಲು ನಂಬೋಕೆ ಆಗಲಿಲ್ಲ. ಆದರೆ ಯೋಚನೆ ಮಾಡಿದರೆ ನಮಗೆ ಗೊತ್ತಿರೋ ವಿಷಯವೇ. ಔಷಧಿ ಹೊಡೆದ ಮೂರನೇ ದಿನವೂ ಹೊಲದ ಹತ್ತಿರ ಹೋದರೆ ವಾಸನೆ ಬರುತ್ತಲ್ಲ, ಆ ವಾಸನೆ ಅಂದರೆ ಔಷಧಿಯೇ ಆವಿಯಾಗಿ ಮೂಗಿಗೆ ಬಂದಿರೋದು. ರೇಷ್ಮೆ ಸಾಕುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪಕ್ಕದ ಹೊಲದವನು ಟೊಮೆಟೊಗೆ ಹೊಡೆದರೆ ಇಲ್ಲಿ ನಾಲ್ಕನೇ ಜ್ವರ ಎದ್ದ ಹುಳು ತಲೆ ಎತ್ತಿಕೊಂಡು ಬಾಯಲ್ಲಿ ನೀರು ಬಿಡುತ್ತೆ. ವಿಜಯಪುರ, ದೇವನಹಳ್ಳಿ ಕಡೆ ಈ ಕಾರಣಕ್ಕೆ ಎಷ್ಟು ಬದು ಜಗಳ ಆಗಿವೆಯೋ. ಆದರೆ ಜಗಳ ಆಡುವಾಗ ನಾವು ನೋಡಿದ್ದು ನೂರು ಗಜ, ಇನ್ನೂರು ಗಜ. ಅದು ಅಲ್ಲಿಗೂ ನಿಲ್ಲಲಿಲ್ಲ ಅನ್ನೋದು ಈ ಕಥೆ.

ಹಿಂದಕ್ಕೆ ಹೋಗೋಣ. ಬಿಎಚ್‌ಸಿ ಹುಟ್ಟಿದ್ದು 1825ರಲ್ಲಿ, ಕರೆಂಟಿನ ಪಾಠದಲ್ಲಿ ಹೆಸರು ಬರುತ್ತಲ್ಲ, ಅದೇ ಮೈಕೆಲ್ ಫ್ಯಾರಡೆ ಕೈಯಲ್ಲಿ. ಆಗ ಅದರಿಂದ ಹುಳ ಸಾಯುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಿದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ಡಿಡಿಟಿಯೂ ಹಾಗೇ. 1874ರಲ್ಲೇ ತಯಾರಾಗಿತ್ತು. ಕೀಟ ಕೊಲ್ಲುತ್ತೆ ಅಂತ 1939ರಲ್ಲಿ ಕಂಡುಕೊಂಡವರು ಸ್ವಿಟ್ಜರ್ಲೆಂಡಿನ ಪಾಲ್ ಮ್ಯೂಲರ್. ಅದಕ್ಕೆ 1948ರಲ್ಲಿ ನೊಬೆಲ್ ಬಂತು, ಅದೂ ವೈದ್ಯಕೀಯದ ನೊಬೆಲ್.

ಅದು ತಪ್ಪು ಬಹುಮಾನ ಅಂತ ಸುಲಭವಾಗಿ ಹೇಳೋಕಾಗಲ್ಲ. ಡಿಡಿಟಿಯ ಮೊದಮೊದಲ ದೊಡ್ಡ ಪ್ರಯೋಗಗಳಲ್ಲಿ ಒಂದು ನಡೆದದ್ದು ಕನ್ನಡ ನಾಡಿನಲ್ಲೇ. 1946ರಲ್ಲಿ, ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ, ಡಾ. ಡಿ.ಕೆ. ವಿಶ್ವನಾಥನ್ ಅನ್ನುವವರ ಉಸ್ತುವಾರಿಯಲ್ಲಿ ಮನೆಮನೆಯ ಗೋಡೆಗೆ ಡಿಡಿಟಿ ಹೊಡೆದರು. ಮಲೇರಿಯಾಕ್ಕೆ ಹೆದರಿ ಜನ ಊರನ್ನೇ ಬಿಟ್ಟು ಹೋಗುತ್ತಿದ್ದ ಮಲೆನಾಡಿನ ಸೆರಗು ಅದು. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ ಬರ್ತಿತ್ತು, 8 ಲಕ್ಷ ಜನ ಸಾಯ್ತಿದ್ದರು ಅಂತ ಅಂದಾಜು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯ್ತು. 1961ಕ್ಕೆ ದಾಖಲಾದ ಮಲೇರಿಯಾ 50 ಸಾವಿರದ ಆಸುಪಾಸಿಗೆ ಇಳಿಯಿತು. ನಮ್ಮ ಅಜ್ಜಿ ಹೇಳೋರು, ಡಿಡಿಟಿಯವರು ಬಂದರೆ ಮಡಕೆ ಕುಡಿಕೆ ಎಲ್ಲ ಹೊರಗಿಟ್ಟು ಮನೆ ಒಪ್ಪಿಸುತ್ತಿದ್ದೆವು, ಹುಳು ಮನೆಗೆ ಮಾತ್ರ ಕಾಲಿಡೋಕೆ ಬಿಡ್ತಿರಲಿಲ್ಲ ಅಂತ. ರೇಷ್ಮೆ ಹುಳುವಿಗೆ ಏನಾಗುತ್ತೆ ಅಂತ ಅಜ್ಜಿಗೆ ಆಗಲೇ ಗೊತ್ತಿತ್ತು ನೋಡಿ.

ಸೊಳ್ಳೆಯೂ ಸುಮ್ಮನಿರಲಿಲ್ಲ. ಅದಕ್ಕೆ ಡಿಡಿಟಿ ಒಗ್ಗಿಹೋಯ್ತು, ಕಾರ್ಯಕ್ರಮವೂ ಸಡಿಲ ಆಯ್ತು, 1976ರಲ್ಲಿ ಮಲೇರಿಯಾ ಮತ್ತೆ 64 ಲಕ್ಷಕ್ಕೆ ಏರಿತು. ಆದರೂ ಡಿಡಿಟಿಯಿಂದ ಬದುಕಿದವರ ಮೊಮ್ಮಕ್ಕಳು ನಾವು ಅನ್ನೋದನ್ನ ಮರೆತು ಮಾತಾಡಬಾರದು ಅಂತ ನನ್ನ ಅಭಿಪ್ರಾಯ.

ಗೋಡೆಗೆ ಹೊಡೆಯುವುದು ಒಂದು, ಹೊಲಕ್ಕೆ ಸುರಿಯುವುದು ಇನ್ನೊಂದು. ಕಲ್ಕತ್ತದ ಹತ್ತಿರ ರಿಶ್ರಾದಲ್ಲಿ 1952ರಲ್ಲಿ ಬಿಎಚ್‌ಸಿ ಕಾರ್ಖಾನೆ ಬಂತು. ದೆಹಲಿಯಲ್ಲಿ, ಆಮೇಲೆ ಕೇರಳದ ಏಲೂರಿನಲ್ಲಿ ಸರ್ಕಾರದ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಕಂಪನಿಯ ಡಿಡಿಟಿ ಕಾರ್ಖಾನೆ ಬಂತು. ಹಸಿರು ಕ್ರಾಂತಿ ಬಂದ ಮೇಲೆ ಕೇಳಬೇಕೇ. ನಮ್ಮ ದೇಶ ಒಟ್ಟು ಬಳಸಿದ ಬಿಎಚ್‌ಸಿ 10 ಲಕ್ಷ ಟನ್‌ಗೂ ಹೆಚ್ಚು ಅಂತ ವಿಜ್ಞಾನಿಗಳ ಲೆಕ್ಕ. ನಮಗಿಂತ ಜಾಸ್ತಿ ಬಳಸಿದ್ದು ಚೀನಾ. ಜೊತೆಗೆ ಆಲ್ಡ್ರಿನ್, ಹೆಪ್ಟಾಕ್ಲೋರ್, ಎಂಡ್ರಿನ್. ಹಳಬರಿಗೆ ಎಲ್ಲಾ ಪರಿಚಯದ ಹೆಸರುಗಳೇ.

ಇವೆಲ್ಲ ಒಂದೇ ಕುಲ, ಕ್ಲೋರಿನ್ ಸೇರಿಸಿ ಮಾಡಿದವು. ಬೇಗ ಕೊಳೆಯಲ್ಲ. ನೀರಲ್ಲಿ ಕರಗೋದು ಕಡಿಮೆ, ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಸರ್ಕಾರಿ ಕಾಗದಗಳಲ್ಲಿ ಇವನ್ನು ‘ಸಾವಯವ ಮಾಲಿನ್ಯಕಾರಕ’ಗಳ ಗುಂಪಿಗೆ ಸೇರಿಸ್ತಾರೆ. ಸಾವಯವ ಅಂದರೆ ನಮಗೆ ಜೀವಾಮೃತ, ಎರೆಗೊಬ್ಬರ ನೆನಪಾಗುತ್ತೆ. ಇಲ್ಲಿ ಅರ್ಥ ಅದಲ್ಲ, ಇಂಗಾಲದಿಂದ ಆದ ರಾಸಾಯನಿಕ ಅಂತ ಅಷ್ಟೇ. ನಾನು ಇಲ್ಲಿ ‘ಅಳಿಯದ ವಿಷ’ ಅಂತಲೇ ಬರೀತೀನಿ.

ಈಗ ಇದು ಹೇಗೆ ಪ್ರಯಾಣ ಮಾಡುತ್ತೆ ಅನ್ನೋದು. ಕಳ್ಳಭಟ್ಟಿ ಇಳಿಸೋದನ್ನ ನೋಡಿದವರು ಇಲ್ಲಿ ಇದ್ದೀರಿ, ಹೆಸರು ಹೇಳಲ್ಲ ಬಿಡಿ! ಕೆಳಗೆ ಒಲೆ, ಮಡಕೆಯಲ್ಲಿ ಕೊಳೆ. ಮೇಲೆ ತಣ್ಣೀರಿನ ಪಾತ್ರೆ. ಬಿಸಿಗೆ ಆವಿ ಮೇಲೇಳುತ್ತೆ, ತಣ್ಣನೆಯ ತಳ ತಾಗಿದ ತಕ್ಷಣ ಹನಿಯಾಗಿ ಇಳಿಯುತ್ತೆ. ಭೂಮಿಯೂ ಅಂಥದ್ದೇ ಒಂದು ಭಟ್ಟಿ. ಒಲೆ ಇರೋದು ನಮ್ಮ ಕಡೆ, ಏಪ್ರಿಲ್ ಬಿಸಿಲಿನ ಹೊಲ, ಬೆಚ್ಚಗಿನ ಗದ್ದೆ ನೀರು. ತಣ್ಣೀರಿನ ಪಾತ್ರೆ ಅಂದರೆ ಧ್ರುವ. ನಡುವೆ ಇರೋ ಗಾಳಿಯೇ ಕೊಳವೆ. ಇದು ನಾನು ಕಟ್ಟಿದ ಹೋಲಿಕೆ ಅಲ್ಲ. 1975ರಲ್ಲೇ ಎಡ್ವರ್ಡ್ ಗೋಲ್ಡ್‌ಬರ್ಗ್ ಅನ್ನೋ ವಿಜ್ಞಾನಿ ಇದಕ್ಕೆ ಜಾಗತಿಕ ಭಟ್ಟಿ ಇಳಿಸುವಿಕೆ ಅನ್ನೋ ಅರ್ಥದ ಹೆಸರು ಕೊಟ್ಟಿದ್ದರು. 1993ರಲ್ಲಿ ಕೆನಡಾದ ಫ್ರಾಂಕ್ ವಾನಿಯಾ ಮತ್ತು ಡೊನಾಲ್ಡ್ ಮೆಕೆ ಅದರ ಲೆಕ್ಕಾಚಾರ ಬಿಡಿಸಿ ಬರೆದರು.

ಒಂದೇ ಏಟಿಗೆ ಹೋಗಬೇಕು ಅಂತಿಲ್ಲ. ಹಗಲು ಆವಿಯಾಗಿ ಏರಿ, ರಾತ್ರಿ ತಣ್ಣಗಾದಾಗ ಎಲ್ಲೋ ಒಂದು ಕಡೆ ಇಳಿದು, ಮತ್ತೆ ಬೇಸಿಗೆ ಬಂದಾಗ ಎದ್ದು, ಹೀಗೆ ಹಾರಿ ಹಾರಿ ಕೂರುತ್ತಾ ಹೋಗುತ್ತೆ. ಅದಕ್ಕೆ ಮಿಡತೆ ನೆಗೆತ ಅಂತಾರೆ. ಹಗುರ ಇರೋವು ಬೇಗ ದೂರ ಹೋಗ್ತವೆ, ಡಿಡಿಟಿಯಂಥ ಭಾರದವು ನಿಧಾನವಾಗಿ, ದಾರಿಯಲ್ಲಿ ತಂಗಿ ತಂಗಿ. ತಣ್ಣನೆಯ ಜಾಗಕ್ಕೆ ಬಂದ ಮೇಲೆ ಮತ್ತೆ ಏಳೋಕೆ ಬಿಸಿ ಸಾಲದು, ಕೊಳೆಯಿಸೋಕೆ ಬಿಸಿಲೂ ಸಾಲದು, ಸೂಕ್ಷ್ಮಜೀವಿಗಳೂ ಸಾಲವು. ಅಲ್ಲೇ ಉಳಿಯುತ್ತೆ. ಧ್ರುವವೇ ಆಗಬೇಕಿಲ್ಲ, ಎತ್ತರದ ತಣ್ಣನೆ ಬೆಟ್ಟಗಳಲ್ಲೂ ಇದೇ ಆಗುತ್ತೆ. ಹಿಮಾಲಯದ ಹಿಮದಲ್ಲೂ ಈ ವಿಷಗಳು ಸಿಕ್ಕಿವೆ.

ದೊಡ್ಡಬಳ್ಳಾಪುರದಿಂದ ಉತ್ತರ ಧ್ರುವಕ್ಕೆ ನೇರ ಗೆರೆ ಎಳೆದರೆ ಸುಮಾರು 8,500 ಕಿಲೋಮೀಟರ್. ತಾತನ ಬಟ್ಟೆ ಗಂಟಿನಿಂದ ಉದುರಿದ ಪುಡಿಯೇ ಅಲ್ಲಿಗೆ ಹೋಯ್ತು ಅಂತ ಯಾರೂ ತೋರಿಸೋಕಾಗಲ್ಲ, ಗಾಳಿಗೆ ಸರ್ವೆ ನಂಬರ್ ಇಲ್ಲ. ಆದರೆ ಒಟ್ಟು ಲೆಕ್ಕ ತೋರಿಸಬಹುದು. 1989-90ರಲ್ಲಿ ಅದೇ ಎಹಿಮೆಯವರು ಬೇರೆ ಬೇರೆ ಸಾಗರಗಳ ಗಾಳಿ, ನೀರು ಹಿಡಿದು ಪರೀಕ್ಷೆ ಮಾಡಿದಾಗ ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರದ ಮೇಲಿನ ಗಾಳಿಯಲ್ಲಿ ಬಿಎಚ್‌ಸಿ ಜಾಸ್ತಿ ಇತ್ತು. ನೀರಿನಲ್ಲಿ ನೋಡಿದರೆ ಉತ್ತರದ ತಣ್ಣನೆ ಸಮುದ್ರಗಳಲ್ಲಿ ಜಾಸ್ತಿ. ಅಂದರೆ ಇಲ್ಲಿ ಎದ್ದದ್ದು ಅಲ್ಲಿ ಇಳಿದಿತ್ತು.

ಬಿಎಚ್‌ಸಿ ಅನ್ನೋದು ಒಂದೇ ವಸ್ತು ಅಲ್ಲ, ಅಣ್ಣ ತಮ್ಮಂದಿರ ಗುಂಪು. ಹುಳ ಕೊಲ್ಲೋನು ಗಾಮಾ, ಅದನ್ನು ಬೇರ್ಪಡಿಸಿ ಮಾರಿದ್ದೇ ಲಿಂಡೇನ್. ನಮ್ಮ ಪುಡಿಯಲ್ಲಿ ಅವನ ಪಾಲು ನೂರಕ್ಕೆ ಹತ್ತು ಹದಿನೈದು. ಅರ್ಧಕ್ಕಿಂತ ಜಾಸ್ತಿ ಇದ್ದವನು ಆಲ್ಫಾ, ಹುಳದ ವಿಷಯದಲ್ಲಿ ಹೆಚ್ಚು ಕೆಲಸಕ್ಕೆ ಬಾರದವನು. ಅವನು ಗಾಳಿ ಹಿಡಿದು ಉತ್ತರಕ್ಕೆ ಹೋದ. ಬೀಟಾ ಅನ್ನೋನು ನೀರಿಗೆ ಅಂಟಿಕೊಳ್ಳುವವನು. ಮಳೆಯಲ್ಲಿ ಪೆಸಿಫಿಕ್ ಸಾಗರಕ್ಕೆ ಬಿದ್ದು, ಬೇರಿಂಗ್ ಜಲಸಂಧಿ ಮೂಲಕ ನೀರಿನ ದಾರಿಯಲ್ಲೇ ಒಳಗೆ ಹೋದ. ನಾವು ಒಂದು ಚೀಲ ತಂದರೆ ಅದರಲ್ಲಿ ಹುಳಕ್ಕೆ ಬೇಕಾದದ್ದು ಏಳೆಂಟರಲ್ಲಿ ಒಂದು ಪಾಲು, ಮಿಕ್ಕಿದ್ದಕ್ಕೆ ಸುಮ್ಮನೆ ದುಡ್ಡು ಕೊಟ್ಟೆವು. ಗೊಬ್ಬರದಲ್ಲಿ ಮರಳು ಬೆರೆಸಿ ಕೊಟ್ಟರೆ ನಾವು ಸುಮ್ಮನಿರ್ತೀವಾ?

ಧ್ರುವಗಳಲ್ಲಿ ಇದು ಮೊದಲು ಕಂಡದ್ದು ದಕ್ಷಿಣದಲ್ಲಿ. ಅಂಟಾರ್ಕ್ಟಿಕಾದಲ್ಲಿ ಹೊಲ ಇಲ್ಲ, ಸೊಳ್ಳೆ ಇಲ್ಲ, ಊರೇ ಇಲ್ಲ. ಅಲ್ಲಿನ ಅಡೆಲಿ ಪೆಂಗ್ವಿನ್ ಮತ್ತು ಸೀಲ್ ದೇಹದಲ್ಲಿ ಡಿಡಿಟಿ ಇದೆ ಅಂತ 1966ರಲ್ಲಿ ಪ್ರಕಟವಾಯ್ತು. ರೇಚಲ್ ಕಾರ್ಸನ್ ಡಿಡಿಟಿ ವಿರುದ್ಧ ಪುಸ್ತಕ ಬರೆದು ಆಗ ನಾಲ್ಕು ವರ್ಷ. ಅಮೆರಿಕ ಡಿಡಿಟಿ ನಿಲ್ಲಿಸಿದ್ದು 1972ರಲ್ಲಿ. ನಾವು ಹೊಲಕ್ಕೆ ಹಾಕೋದನ್ನ ನಿಲ್ಲಿಸಿದ್ದು 1989ರಲ್ಲಿ, ಸೊಳ್ಳೆಗೆ ಅಂತ ಆಮೇಲೂ ಉಳಿಸಿಕೊಂಡೆವು.

ಉತ್ತರದ ಕಥೆ ಇನ್ನೂ ಕಠಿಣ, ಯಾಕೆಂದರೆ ಅಲ್ಲಿ ಜನ ಇದ್ದಾರೆ. ಕೆನಡಾ, ಗ್ರೀನ್‌ಲ್ಯಾಂಡ್, ಅಲಾಸ್ಕಾ ಕಡೆಯ ಇನುಯಿಟ್ ಜನ. ಅಲ್ಲಿ ಬೇಸಾಯ ಅನ್ನೋದು ತೀರಾ ಕಡಿಮೆ, ವರ್ಷದ ಬಹುಪಾಲು ನೆಲದ ಮೇಲೆ ಹಿಮ. ಸೀಲ್, ತಿಮಿಂಗಿಲ, ಮೀನು ಇವೇ ಆಹಾರ, ಅದರಲ್ಲೂ ಚಳಿ ತಡೆಯೋಕೆ ಕೊಬ್ಬು ಬೇಕೇ ಬೇಕು. 1980ರ ದಶಕದ ಮಧ್ಯದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಎರಿಕ್ ಡೆವೈ ಅನ್ನೋ ವೈದ್ಯರು ತಾಯಂದಿರ ಎದೆಹಾಲು ಪರೀಕ್ಷೆ ಮಾಡುತ್ತಿದ್ದರು. ಕಾರ್ಖಾನೆ ಇರೋ ದಕ್ಷಿಣದ ಹಾಲಿಗೆ ಹೋಲಿಸೋಕೆ ಒಂದು ಶುದ್ಧವಾದ ಹಾಲು ಬೇಕಲ್ಲ, ಅದಕ್ಕೆ ಉತ್ತರದ ತುದಿಯ ನುನಾವಿಕ್‌ನ ಇನುಯಿಟ್ ತಾಯಂದಿರ ಹಾಲು ತರಿಸಿದರು. ಫಲಿತಾಂಶ ಉಲ್ಟಾ ಬಂತು. ಪಿಸಿಬಿ ಅನ್ನೋ ವಿಷ, ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೆಗೆ ಬಳಸ್ತಿದ್ದದ್ದು, ಇನುಯಿಟ್ ತಾಯಂದಿರ ಹಾಲಿನಲ್ಲಿ ದಕ್ಷಿಣದವರಿಗಿಂತ ಐದು ಪಟ್ಟು ಹತ್ತಿರ ಇತ್ತು. ಕೀಟನಾಶಕಗಳೂ ಇದ್ದವು.

ನೀರಿನಲ್ಲಿ ಅಷ್ಟು ಕಡಿಮೆ ಇದ್ದದ್ದು ಹಾಲಿನಲ್ಲಿ ಅಷ್ಟು ಹೇಗೆ? ಇದು ಹಸು ಕಟ್ಟಿದವರಿಗೆ ಬೇಗ ಅರ್ಥ ಆಗುತ್ತೆ. ನೀರಿನ ಪಾಚಿಯಲ್ಲಿ ಒಂದು ಕಣ. ಪಾಚಿಯನ್ನು ತಿನ್ನೋ ಸಣ್ಣ ಹುಳದಲ್ಲಿ ಹತ್ತು. ಆ ಹುಳ ತಿನ್ನೋ ಮೀನಿನಲ್ಲಿ ನೂರು. ಮೀನು ತಿನ್ನೋ ಸೀಲ್, ಸೀಲ್ ತಿನ್ನೋ ಹಿಮಕರಡಿ, ಹೀಗೆ ಮೇಲೆ ಹೋದ ಹಾಗೆಲ್ಲ ಕೊಬ್ಬಿನಲ್ಲಿ ಕೂಡುತ್ತಾ ಹೋಗುತ್ತೆ. (ಅಂಕಿ ಅರ್ಥ ಆಗಲಿ ಅಂತ ಹಾಕಿದ್ದು, ಅಳತೆ ಅಲ್ಲ.) ದೇಹಕ್ಕೆ ಬಂದದ್ದು ಮೂತ್ರದಲ್ಲಿ ಹೋಗಲ್ಲ, ಕೊಬ್ಬಿನಲ್ಲಿ ಕೂತಿರುತ್ತೆ. ಹೊರಗೆ ಹೋಗೋಕೆ ಇರೋ ದೊಡ್ಡ ದಾರಿ ಅಂದರೆ ಹಾಲು. ಅಂದರೆ ತಾಯಿಯಿಂದ ಮಗುವಿಗೆ.

ಅದರಿಂದ ಆಗೋದೇನು? ನುನಾವಿಕ್ ಮಕ್ಕಳಲ್ಲಿ ಹುಟ್ಟುವ ಮುಂಚೆ ಈ ವಿಷ ಜಾಸ್ತಿ ತಗುಲಿದ್ದವರಿಗೆ ಕಿವಿ ಸೋರುವ ಸೋಂಕು ಜಾಸ್ತಿ ಅಂತ ಅಧ್ಯಯನಗಳು ತೋರಿಸಿದವು, ರೋಗ ತಡೆಯೋ ಶಕ್ತಿ ಕುಗ್ಗುವ ಲಕ್ಷಣ ಅದು. ಹಿಮಕರಡಿಗಳ ಹಾರ್ಮೋನು ಮತ್ತು ರೋಗನಿರೋಧಕ ಶಕ್ತಿಯಲ್ಲಿ ವ್ಯತ್ಯಾಸ ಕಂಡಿವೆ. ಡಿಡಿಟಿ ತಿಂದ ಡೇಗೆ ಹಕ್ಕಿಗಳ ಮೊಟ್ಟೆ ಸಿಪ್ಪೆ ತೆಳುವಾಗಿ ಕಾವಿಗೆ ಕೂತಾಗಲೇ ಒಡೆಯುತ್ತಿದ್ದವು. ಇಷ್ಟಾದರೂ ವೈದ್ಯರು ಎದೆಹಾಲು ನಿಲ್ಲಿಸಿ ಅಂತ ಇನುಯಿಟ್ ತಾಯಂದಿರಿಗೆ ಹೇಳಲಿಲ್ಲ. ಅದರ ಬದಲಿಗೆ ಕೊಡೋಕೆ ಅಷ್ಟು ಒಳ್ಳೇದು ಅಲ್ಲಿ ಏನಿದೆ? ಸೀಲ್ ಬೇಟೆ ಬಿಟ್ಟರೆ ವಿಮಾನದಲ್ಲಿ ಬರೋ ದುಬಾರಿ ಡಬ್ಬಿ ಊಟ.

ನಮ್ಮ ಹಾಲು ಹೇಗಿತ್ತು ಅಂತ ನೀವು ಕೇಳಬಹುದು, ಕೇಳಲೇಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 12 ರಾಜ್ಯಗಳಿಂದ 2,205 ಹಸು-ಎಮ್ಮೆ ಹಾಲಿನ ಮಾದರಿ ಪರೀಕ್ಷೆ ಮಾಡಿಸಿ 1993ರಲ್ಲಿ ವರದಿ ಕೊಟ್ಟಿತು. ನೂರಕ್ಕೆ 82ರಲ್ಲಿ ಡಿಡಿಟಿ ಸಿಕ್ಕಿತ್ತು, ನೂರಕ್ಕೆ 37 ಮಾದರಿಗಳಲ್ಲಿ ಮಿತಿಗಿಂತ ಜಾಸ್ತಿ. ಅಂದರೆ ಎಲ್ಲವೂ ಹಾರಿಹೋಗಲಿಲ್ಲ. ಹುಲ್ಲಿಗೆ, ಹಿಂಡಿಗೆ ಅಂಟಿಕೊಂಡು ಉಳಿದದ್ದು ಇಲ್ಲೇ ಹಾಲಿಗೆ ಇಳಿಯಿತು. ಇನುಯಿಟ್ ತಾಯಿಗೂ ನಮ್ಮ ಕೊಟ್ಟಿಗೆ ಹಸುವಿಗೂ ಆದದ್ದು ಒಂದೇ.

1990ರ ದಶಕದಲ್ಲಿ ಇದಕ್ಕೊಂದು ಅಂತರರಾಷ್ಟ್ರೀಯ ಕಾನೂನು ಬೇಕು ಅಂತ ಮಾತುಕತೆ ಶುರುವಾಯ್ತು. 1999ರಲ್ಲಿ ನೈರೋಬಿಯ ಸಭೆಯಲ್ಲಿ ಇನುಯಿಟ್ ನಾಯಕಿ ಶೀಲಾ ವಾಟ್-ಕ್ಲೂಟಿಯರ್ ತಾಯಿ ಮಗುವಿನ ಒಂದು ಕೆತ್ತನೆ ತಂದು ವಿಶ್ವಸಂಸ್ಥೆಯ ಪರಿಸರ ವಿಭಾಗದ ಮುಖ್ಯಸ್ಥ ಕ್ಲಾಸ್ ಟಾಪ್ಫರ್ ಕೈಗೆ ಕೊಟ್ಟರು. ಆಮೇಲಿನ ಮಾತುಕತೆಗಳಲ್ಲಿ ಆ ಕೆತ್ತನೆ ಅಧ್ಯಕ್ಷರ ಮೇಜಿನ ಮೇಲೆಯೇ ಕೂತಿತ್ತು. ನನಗೆ ಇಲ್ಲಿ ಇಷ್ಟ ಆಗೋದು ಏನಂದ್ರೆ, ಆಯಮ್ಮ ಬಡ ದೇಶದ ತಾಯಂದಿರ ವಿರುದ್ಧ ಮಾತಾಡಲಿಲ್ಲ. ಮಲೇರಿಯಾಕ್ಕೆ ಡಿಡಿಟಿ ಬೇಕು ಅನ್ನೋ ದೇಶಗಳ ಮಕ್ಕಳು ಒಂದು ಕಡೆ, ಆ ಡಿಡಿಟಿ ಹಾಲಿಗೆ ಬರೋ ನಮ್ಮ ಮಕ್ಕಳು ಒಂದು ಕಡೆ ಅಂತ ತಕ್ಕಡಿಗೆ ಹಾಕಬೇಡಿ ಅನ್ನೋದು ಅವರ ನಿಲುವು. 2001ರ ಮೇ ತಿಂಗಳಲ್ಲಿ ಸ್ಟಾಕ್‌ಹೋಮ್‌ನಲ್ಲಿ ಒಪ್ಪಂದ ಆಯ್ತು, ಮೊದಲ ಪಟ್ಟಿಯಲ್ಲಿ 12 ವಿಷ. ಡಿಡಿಟಿಗೆ ಸೊಳ್ಳೆ ನಿಯಂತ್ರಣಕ್ಕೆ ಮಾತ್ರ ಅವಕಾಶ ಉಳಿಸಿದರು. ಉತ್ತರ ಧ್ರುವ ಪ್ರದೇಶ ಮತ್ತು ಅಲ್ಲಿನ ಮೂಲನಿವಾಸಿಗಳಿಗೆ ಹೆಚ್ಚು ಅಪಾಯ ಇದೆ ಅಂತ ಒಪ್ಪಂದದ ಪೀಠಿಕೆಯಲ್ಲೇ ಬರೆದಿದ್ದಾರೆ. ಭಾರತ 2006ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ಬಿಎಚ್‌ಸಿಯ ಆಲ್ಫಾ, ಬೀಟಾ, ಗಾಮಾ ಮೂವರೂ 2009ರಲ್ಲಿ ಪಟ್ಟಿ ಸೇರಿದರು.

2011ಕ್ಕೆ ಬಂದದ್ದು ಎಂಡೋಸಲ್ಫಾನ್. ಈ ಕಥೆ ಕನ್ನಡದವರಿಗೆ ಹೊಸದಲ್ಲ. ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, 2000ದವರೆಗೂ, ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಎಣ್ಮಕಜೆ ಪಂಚಾಯ್ತಿಯ ಪಡ್ರೆ, ಸ್ವರ್ಗ ಅನ್ನೋ ಊರುಗಳು, ಮನೆಮಾತು ಕನ್ನಡ, ತುಳು. ಕರುಗಳು ಕಾಲು ಸೊಟ್ಟಗಾಗಿ ಹುಟ್ಟುತ್ತಿವೆ ಅಂತ 1979ರಲ್ಲೇ ಬರೆದವರು ಅಲ್ಲಿನ ಕೃಷಿಕ, ನಮಗೆಲ್ಲ ‘ಅಡಿಕೆ ಪತ್ರಿಕೆ’ಯಿಂದ ಪರಿಚಯದ ಶ್ರೀ ಪಡ್ರೆ. ಆಮೇಲೆ ಅಲ್ಲೇ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಮಕ್ಕಳ ಕಾಯಿಲೆ ಲೆಕ್ಕ ಇಟ್ಟರು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಗೇರು ತೋಟ, ಅದೇ ಸಿಂಪಡಣೆ, ಅದೇ ಪಾಡು. ಕರ್ನಾಟಕ ಸರ್ಕಾರ 2011ರ ಫೆಬ್ರವರಿಯಲ್ಲಿ ತಡೆ ಹಾಕಿತು.

ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸಭೆ. ಆಗ ಜಗತ್ತಿಗೆಲ್ಲ ಹೆಚ್ಚು ಎಂಡೋಸಲ್ಫಾನ್ ತಯಾರಿಸುತ್ತಿದ್ದ ದೇಶ ನಮ್ಮದು, ಅದಕ್ಕೇ ಭಾರತ ಬಹಳ ವಿರೋಧಿಸಿತು, ಕೊನೆಗೆ ಕೆಲವು ಬೆಳೆಗೆ ವಿನಾಯಿತಿ ಪಡೆದು ಒಪ್ಪಿಕೊಂಡಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ತಡೆ ಕೊಟ್ಟಿತು.

ಇಲ್ಲಿ ಒಂದು ವಿಷಯ ನನಗೆ ಚುಚ್ಚುತ್ತೆ. ಆ ಒಪ್ಪಂದದ ನಿಯಮದ ಪ್ರಕಾರ ಒಂದು ವಿಷ ಒಂದು ಊರನ್ನು ಹಾಳು ಮಾಡಿದರೆ ಸಾಲದು. ಅದು ಕೊಳೆಯದೆ ಉಳಿಯಬೇಕು, ದೇಹದಲ್ಲಿ ಕೂಡಬೇಕು, ಹಾನಿ ಮಾಡಬೇಕು, ಜೊತೆಗೆ ಬಹುದೂರ ಪ್ರಯಾಣ ಮಾಡಿದ್ದಕ್ಕೂ ಸಾಕ್ಷಿ ಬೇಕು. ಎಂಡೋಸಲ್ಫಾನ್ ವಿಷಯದಲ್ಲಿ ದೂರದ ಸಾಕ್ಷಿ ಸಿಕ್ಕಿದ್ದು ಉತ್ತರ ಧ್ರುವದ ಗಾಳಿ, ಹಿಮದಲ್ಲಿ. ಪಡ್ರೆಯ ತೊರೆ ನೀರು ಕುಡಿದವರ ನೋವು ಕಣ್ಣ ಮುಂದೆ ಇದ್ದರೂ, ಜಗತ್ತಿನ ಕಟಕಟೆಯಲ್ಲಿ ಹಿಮದ ಸಾಕ್ಷಿಯೂ ಬೇಕಾಯ್ತು. ನಿಯಮಕ್ಕೆ ಕಾರಣ ಇದೆ, ಊರಿನೊಳಗಿನದನ್ನು ಆ ದೇಶವೇ ನೋಡಿಕೊಳ್ಳಬೇಕು ಅಂತ. ನಮ್ಮ ದೇಶ ನೋಡಿಕೊಂಡಿದ್ದು ಹೇಗೆ ಅಂದರೆ, ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ ಕೇರಳಕ್ಕೆ ಹೇಳಿದ್ದು 2017ರ ಜನವರಿಯಲ್ಲಿ. ಹೆಲಿಕಾಪ್ಟರ್ ನಿಂತು ಹದಿನಾರು ವರ್ಷ ಆಗಿತ್ತು.

ಈಗ ನಾನು ಈ ಕಥೆ ಬರೆಯೋಕೆ ಕೂತ ಮುಖ್ಯ ಕಾರಣಕ್ಕೆ ಬರ್ತೀನಿ. ಉತ್ತರ ಧ್ರುವದ ಗಾಳಿಯಲ್ಲಿ ಆಲ್ಫಾ ಬಿಎಚ್‌ಸಿ ಎಷ್ಟಿದೆ ಅಂತ ವಿಜ್ಞಾನಿಗಳು 1970ರ ದಶಕದ ಕೊನೆಯಿಂದ ಅಳೆಯುತ್ತಾ ಬಂದಿದ್ದಾರೆ. ಆ ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿದಾಗ ಎರಡು ಕಡೆ ಗೆರೆ ಧಡಕ್ಕನೆ ಕೆಳಗೆ ಬೀಳುತ್ತೆ. ಮೊದಲನೆಯದು 1983ರ ಹೊತ್ತಿಗೆ, ಚೀನಾ ನಿಲ್ಲಿಸಿದಾಗ. ಎರಡನೆಯದು 1990ರ ಸುಮಾರಿಗೆ, ಭಾರತದಲ್ಲಿ ಹೊಲದ ಬಳಕೆಗೆ ಕಡಿವಾಣ ಬಿದ್ದು, ಸೋವಿಯತ್ ದೇಶದಲ್ಲೂ ನಿಂತಾಗ. ಅಂದರೆ ಇಲ್ಲಿ ಗೋಣಿಚೀಲದಿಂದ ಪುಡಿ ತೆಗೆಯೋದು ಕಡಿಮೆಯಾದದ್ದು ಕೆಲವೇ ವರ್ಷದಲ್ಲಿ ಅಲ್ಲಿನ ಉಪಕರಣದಲ್ಲಿ ಕಂಡಿತು. ರೈತನೊಬ್ಬ ಏನು ಮಾಡಿದರೆ ಜಗತ್ತಿಗೆ ಏನಾಗುತ್ತೆ ಬಿಡು ಅನ್ನೋ ಮಾತು ನಮ್ಮಲ್ಲಿ ಬಹಳ ಇದೆ. ಈ ಒಂದು ಗೆರೆ ನೋಡಿದ ಮೇಲೆ ನನಗೆ ಆ ಮಾತು ಬಾಯಿಗೆ ಬರ್ತಿಲ್ಲ.

ಗಾಳಿ ಹಗುರ ಆದ ಮೇಲೆ ಇನ್ನೊಂದು ಆಯ್ತು. ತಣ್ಣನೆ ಸಮುದ್ರ ಅಷ್ಟು ವರ್ಷ ನುಂಗಿದ್ದನ್ನು ವಾಪಸ್ ಗಾಳಿಗೆ ಬಿಡೋಕೆ ಶುರು ಮಾಡಿತು. ಗಾಳಿಯಿಂದ ನೀರಿಗೆ ಹೋಗುತ್ತಿದ್ದದ್ದು ನೀರಿನಿಂದ ಗಾಳಿಗೆ ತಿರುಗಿದೆ ಅಂತ 1990ರ ದಶಕದಲ್ಲಿ ಬೇರಿಂಗ್ ಸಮುದ್ರದ ಕಡೆ ಅಳೆದವರು ಬರೆದರು. ಅಲ್ಲಿಂದ ಬಹಳ ದೂರ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪದ ನೀ-ಓಲೆಸುಂಡ್‌ನಲ್ಲಿ ಗಾಳಿ ಅಳೆಯೋ ಒಂದು ಹೆಸರುವಾಸಿ ಕೇಂದ್ರ ಬೆಟ್ಟದ ಮೇಲಿದೆ. ಅದೇ ಊರಲ್ಲಿ ನಮ್ಮ ದೇಶದ ‘ಹಿಮಾದ್ರಿ’ ಸಂಶೋಧನಾ ಮನೆಯೂ 2008ರಿಂದ ಇದೆ.

ಇನ್ನು ಇವತ್ತಿನ ಶೆಡ್ಡಿಗೆ ಬರೋಣ. ಕ್ಲೋರ್‌ಪೈರಿಫಾಸ್ ಇಲ್ಲದ ಮನೆ ನಮ್ಮ ಹೋಬಳಿಯಲ್ಲಿ ಕಡಿಮೆ. ಗೆದ್ದಲಿಗೆ, ಗೊಣ್ಣೆಹುಳಕ್ಕೆ, ತರಕಾರಿಗೆ ಎಲ್ಲಕ್ಕೂ ಅದೇ, ಒಂದು ರೀತಿ ನಮ್ಮ ಕಾಲದ ಬಿಎಚ್‌ಸಿ. ಅದು ಬೇರೆ ಕುಲದ್ದು, ಬೇಗ ಕೊಳೆಯುತ್ತೆ ಅಂತಲೇ ನಾವು ಕೇಳಿಕೊಂಡು ಬಂದದ್ದು. ನಮ್ಮ ಬಿಸಿಲಿಗೆ ಅದು ಬಹಳ ಮಟ್ಟಿಗೆ ನಿಜವೂ ಹೌದು. ಆದರೆ ತಣ್ಣಗೆ, ಕತ್ತಲಲ್ಲಿ ಕೊಳೆಯೋದು ನಿಧಾನ. ಅದು ಕೂಡ ಉತ್ತರ ಧ್ರುವದ ಗಾಳಿಯಲ್ಲಿ, ಹಿಮದಲ್ಲಿ, ಕೆರೆ ತಳದ ಕೆಸರಿನಲ್ಲಿ ಸಿಕ್ಕಿದೆ. 2020ರ ಮೇನಲ್ಲಿ ಕೇಂದ್ರ ಸರ್ಕಾರ ನಿಷೇಧಿಸೋಕೆ ಅಂತ ಹೊರಡಿಸಿದ 27 ಔಷಧಿಗಳ ಕರಡಿನಲ್ಲಿ ಇದರ ಹೆಸರಿತ್ತು, ಆಮೇಲೆ ಉಳಿದುಕೊಂಡಿತು. ಅದೇ ಕರಡಿನಲ್ಲಿದ್ದ, ನುಸಿಗೆ ಹೊಡೆಯುತ್ತಿದ್ದ ಡೈಕೋಫಾಲ್ 2023ರಲ್ಲಿ ಹೋಯ್ತು. ಅದನ್ನು ಮಾಡುತ್ತಿದ್ದದ್ದೇ ಡಿಡಿಟಿಯಿಂದ. 2025ರಲ್ಲಿ ಜಿನೀವಾದಲ್ಲಿ ಕ್ಲೋರ್‌ಪೈರಿಫಾಸ್ ಸ್ಟಾಕ್‌ಹೋಮ್ ಪಟ್ಟಿಗೆ ಸೇರಿತು, ಹಲವು ಬಳಕೆಗೆ ಕೆಲವು ವರ್ಷದ ವಿನಾಯಿತಿ ಕೊಟ್ಟು. ನಾಳೆ ಬೆಳಗ್ಗೆ ಅಂಗಡಿಯಿಂದ ಮಾಯ ಆಗಲ್ಲ. ಆದರೆ ಇದು ಯಾವ ದಾರಿ ಹಿಡಿದಿದೆ ಅಂತ ಗೊತ್ತಿರಲಿ. ಹೊಸ ದ್ರಾಕ್ಷಿ ಚಪ್ಪರ, ಹೊಸ ಗುಲಾಬಿ ಪಾಲಿಹೌಸ್ ಹಾಕೋರು ಮುಂದಿನ ಹತ್ತು ವರ್ಷದ ಲೆಕ್ಕ ಇದರ ಮೇಲೆ ಕಟ್ಟಬೇಡಿ.

ಇನ್ನೊಂದು. ಹಳೇ ಮನೆಗಳ ಅಟ್ಟದಲ್ಲಿ, ಹಗೇವಿನ ಪಕ್ಕದ ಕೋಣೆಯಲ್ಲಿ, ಇವತ್ತಿಗೂ ಹೆಸರು ಅಳಿಸಿದ ಪುಡಿ ಡಬ್ಬ ಇರೋದುಂಟು. ಸಿಕ್ಕರೆ ಬಾವಿಗೆ, ಕೆರೆಗೆ ಹಾಕಬೇಡಿ, ತಿಪ್ಪೆಗೂ ಬೇಡ. ಬೆಂಕಿಗಂತೂ ಬೇಡವೇ ಬೇಡ. ಕ್ಲೋರಿನ್ ಇರೋದನ್ನು ಬಯಲಲ್ಲಿ ಸುಟ್ಟರೆ ಡಯಾಕ್ಸಿನ್ ಹುಟ್ಟುತ್ತೆ, ಆ ಮೊದಲ 12ರ ಪಟ್ಟಿಯಲ್ಲಿ ಇರೋದೇ ಅದು. ಹಳೇ ಪಿವಿಸಿ ಪೈಪ್ ಗುಡ್ಡೆ ಹಾಕಿ ಬೆಂಕಿ ಇಡೋದೂ ಇದೇ ಲೆಕ್ಕ. ಡಬ್ಬ ಒಡೆದಿದ್ದರೆ ಕೈಗೆ ಕವರ್ ಹಾಕಿಕೊಂಡು ಇನ್ನೊಂದು ದಪ್ಪ ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ, ದನದ ಬಾಯಿಗೆ ಸಿಗದ ಕಡೆ ಇಟ್ಟು, ಹೋಬಳಿ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ನಾಲ್ಕೈದು ಮನೆಯವರು ಸೇರಿ ಬರವಣಿಗೆಯಲ್ಲಿ ಅರ್ಜಿ ಕೊಟ್ಟರೆ ಒಬ್ಬರೇ ಹೋಗಿ ಕೇಳಿದ್ದಕ್ಕಿಂತ ತೂಕ ಇರುತ್ತೆ.

ಮುಂದಿನ ವಾರ ಅವರೆ ಕಾಯಿಕೊರಕದ ಬಗ್ಗೆ, ಪುಡಿ ಬಿಟ್ಟು ಮಿಕ್ಕಿದ್ದು ಬರೀತೀನಿ.